ಪದಚರ್ಚೆ: ‘ಸ್ವಸ್ಥಬೋಧನೆ’ ಎಂಬುದನ್ನು ಮಕ್ಕಳಿಗೆ ಹೇಗೆ ಹೇಳೋಣ?

ಗೆಳೆಯರೇ, ನಮಸ್ಕಾರ.

ಮಂಡ್ಯದ ನಮ್ಮ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ದೃಢೀಕರಣದ ತರಗತಿಗೆ, ಅಂದರೆ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿಗೆ ಸಿದ್ಧ ಮಾಡುವ ತರಗತಿಗೆ, ಬರುವ ಮಕ್ಕಳಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎಲ್ಲರೂ ಹೈಸ್ಕೂಲು ಮಕ್ಕಳು. ಮೂರನೇ ಪಾಠಕ್ಕೆ ಬಂದು ನಿಂತುಬಿಟ್ಟಿದ್ದೇನೆ. ಒಂದೇ ಒಂದು ಪದ ಮುಂದಕ್ಕೆ ಬಿಡುತ್ತಿಲ್ಲ: ‘ಸ್ವಸ್ಥಬೋಧನೆ’.

ಕನ್ನಡ ಬೈಬಲಿನಲ್ಲಿ ಅಪೊಸ್ತಲ, ಅಂದರೆ ಯೇಸುವಿನ ಸಂದೇಶ ಸಾರಲು ಕಳುಹಿಸಲ್ಪಟ್ಟ ಪೌಲನು ತನ್ನ ಜೊತೆ ಕೆಲಸಗಾರರಾದ ತಿಮೊಥೆಯನಿಗೂ ತೀತನಿಗೂ ಬರೆದ ಪತ್ರಗಳಲ್ಲಿ ಈ ಪದ ಬರುತ್ತದೆ. ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ, ಓದಿದ್ದೇನೆ. ಅರ್ಥ ಗೊತ್ತು ಅಂದುಕೊಂಡಿದ್ದೆ. ಹೋದ ತಿಂಗಳು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಇದರ ಅರ್ಥ ಏನು ಅಂತ ಕೇಳಿದೆ. ಒಬ್ಬ ಹುಡುಗಿ, “ಸ್ವಚ್ಛವಾದ ಬೋಧನೆ ಅಲ್ವಾ ಟೀಚರ್?” ಅಂದಳು. ಇನ್ನೊಬ್ಬ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಆಸ್ಪತ್ರೆಗೆ ಸಂಬಂಧಪಟ್ಟಿದ್ದಾ?” ಅಂದ. ಉಳಿದವರು ಸುಮ್ನೆ ಕೂತಿದ್ದರು.

ಈ ಮಕ್ಕಳಿಗೆ ‘ಅಸ್ವಸ್ಥ’ ಗೊತ್ತು. ಊಟ ಮಾಡಿ ಮಕ್ಕಳು ಅಸ್ವಸ್ಥ ಅಂತ ಪೇಪರಿನಲ್ಲಿ ಬರುತ್ತದಲ್ಲ, ಆ ಪದ. ಆದರೆ ಅದರ ಮೊದಲ ಅಕ್ಷರ ತೆಗೆದರೆ ಉಳಿಯುವ ‘ಸ್ವಸ್ಥ’ ಅವರ ಬಾಯಲ್ಲಿಲ್ಲ. ನಮ್ಮ ಬಾಯಲ್ಲೂ ಇಲ್ಲ. ಮೈ ಚೆನ್ನಾಗಿರುವವರನ್ನು ನಾವು ‘ಗಟ್ಟಿಯಾಗಿದ್ದಾರೆ’, ‘ಹುಷಾರಾಗಿದ್ದಾರೆ’ ಅನ್ನುತ್ತೇವೆ. ‘ಸ್ವಸ್ಥರಾಗಿದ್ದಾರೆ’ ಅಂತ ಮಂಡ್ಯದಲ್ಲಿ ಯಾರೂ ಹೇಳುವುದನ್ನು ನಾನು ಕೇಳಿಲ್ಲ.

ನಿಜ ಹೇಳಬೇಕೆಂದರೆ ಆ ಹುಡುಗನ ಉತ್ತರವೇ ಸರಿಗೆ ಹತ್ತಿರ. ಮೂಲ ಗ್ರೀಕಿನಲ್ಲಿ ಇಲ್ಲಿರುವುದು ‘ಹುಗಿಯೈನೋ’ ಎಂಬ ಕ್ರಿಯಾಪದ. ಆರೋಗ್ಯವಾಗಿರು ಅಂತ ಅರ್ಥ. ಈಗ ನಾವು ಹೈಜೀನ್ ಅನ್ನುವ ಪದದ ಬೇರೂ ಇದೇ. ಲೂಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ, ಆರೋಗ್ಯವಾಗಿರುವವರಿಗೆ ವೈದ್ಯನು ಬೇಕಿಲ್ಲ ಎಂದು ಯೇಸು ಹೇಳುವಾಗ ಬರುವುದೂ ಇದೇ ಪದ. 15ನೇ ಅಧ್ಯಾಯದಲ್ಲಿ ಮನೆ ಬಿಟ್ಟುಹೋದ ಮಗ ವಾಪಸ್ಸು ಬರುತ್ತಾನೆ. ತಮ್ಮ ಬಂದಿದ್ದಾನೆ, ಸುಖವಾಗಿ ಬಂದಿದ್ದಾನೆ ಎಂದು ಆಳು ಅಣ್ಣನಿಗೆ ಹೇಳುತ್ತಾನೆ. ಆ ‘ಸುಖವಾಗಿ’ ಎನ್ನುವ ಕಡೆಯೂ ಇದೇ ಪದ. ಅಂದರೆ ಪೌಲನ ಮನಸ್ಸಿನಲ್ಲಿದ್ದದ್ದು ಒಂದು ಮೈಯ ಚಿತ್ರ. ತಪ್ಪು ಬೋಧನೆ ಕೊಳೆಯುವ ಹುಣ್ಣಿನ ಹಾಗೆ ಹರಡುತ್ತದೆ ಎಂದು ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಅವನೇ ಹೇಳುತ್ತಾನೆ. ಮೊದಲನೇ ಪತ್ರದ 6ನೇ ಅಧ್ಯಾಯದಲ್ಲಿ ಇನ್ನೂ ಒಂದು ಮಾತಿದೆ. ಸುಮ್ಮಸುಮ್ಮನೆ ವಾಗ್ವಾದಕ್ಕೆ ಇಳಿಯುವವನನ್ನು ಅಲ್ಲಿ ರೋಗ ಹಿಡಿದವನು ಅನ್ನುತ್ತಾನೆ. ಇದನ್ನು ನಾನು ಬಹಳ ದಿನ ಗಮನಿಸಿರಲಿಲ್ಲ. ಮೈಸೂರು, ಬೆಂಗಳೂರಿನ ಕಡೆಯ ಕೆಲವು ಯುವಕರು ಮೊಬೈಲ್ ಗುಂಪುಗಳಲ್ಲಿ ‘ಸೌಂಡ್ ಡಾಕ್ಟ್ರಿನ್’ (ಸ್ವಸ್ಥಬೋಧನೆಗೆ ಇಂಗ್ಲಿಷಿನ ಮಾತು) ಅಂತ ಹೇಳಿಕೊಂಡು ಒಬ್ಬರನ್ನೊಬ್ಬರು ಹೀಯಾಳಿಸುವುದನ್ನು ನೋಡಿದಾಗ ಈ ಮಾತು ನೆನಪಾಗಿ ಮನಸ್ಸಿಗೆ ಕಷ್ಟವಾಗುತ್ತದೆ.

ಹಾಗಾದರೆ ಯಾವ ಪದ ಬಳಸೋಣ?

ತರಗತಿ ನಡೆಸುವ ಇನ್ನೊಬ್ಬರು ‘ಸರಿಯಾದ ಸಿದ್ಧಾಂತ’ ಎಂದು ಹಾಕಿಬಿಡಿ ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ‘ಸಿದ್ಧಾಂತ’ ದೊಡ್ಡ ಪದವೇ. ದ್ವೈತ ಸಿದ್ಧಾಂತ ಅನ್ನುತ್ತೇವೆ, ಪಕ್ಷದ ತತ್ವ ಸಿದ್ಧಾಂತ ಅನ್ನುತ್ತೇವೆ. ವಾದ ಮಾಡಿ, ಕೊನೆಗೆ ಇದೇ ಸರಿ ಎಂದು ನಿಲ್ಲಿಸಿದ್ದು ಸಿದ್ಧಾಂತ. ಆದರೆ ಕನ್ನಡದಲ್ಲಿ ಈ ಪದದ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಸಿದ್ಧಾಂತ ಬೇರೆ, ಬದುಕು ಬೇರೆ. ಅದನ್ನು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಪೌಲ ಹೇಳುವುದು ಇದರ ಪೂರ್ತಿ ಉಲ್ಟಾ.

‘ಉಪದೇಶ’ ಹಾಕೋಣ ಅಂದರೆ ಅದೂ ಮಕ್ಕಳ ಕಿವಿಗೆ ಸೇರುವುದಿಲ್ಲ. ‘ಉಪದೇಶ ಶುರುವಾಯ್ತು’ ಅಂತ ಮನೆಯಲ್ಲಿ ಅವರೇ ಹೇಳುತ್ತಾರೆ. ‘ಶುದ್ಧಬೋಧನೆ’ ಅಂದರೆ ಕಲಬೆರಕೆ ಇಲ್ಲದ್ದು ಅಂತ ಮಾತ್ರ ಆಗುತ್ತದೆ. ಶುದ್ಧವಾದ ನೀರು ಬಾಟಲಿಯಲ್ಲೇ ಇದ್ದರೂ ಶುದ್ಧವೇ, ಯಾರೂ ಕುಡಿಯದಿದ್ದರೂ ಶುದ್ಧವೇ. ‘ಸತ್ಯಬೋಧನೆ’ ತಪ್ಪಲ್ಲ, ಆದರೆ ಆರೋಗ್ಯದ ಚಿತ್ರ ಅಲ್ಲಿ ಬಿಟ್ಟುಹೋಗುತ್ತದೆ. ‘ಆರೋಗ್ಯಕರ ಬೋಧನೆ’ ಅರ್ಥಕ್ಕೆ ಹತ್ತಿರ. ಆದರೆ ‘ಆರೋಗ್ಯಕರ ಚರ್ಚೆ’, ‘ಆರೋಗ್ಯಕರ ಪೈಪೋಟಿ’ ಅಂತ ಬಳಸಿ ಬಳಸಿ ಆ ಪದ ಸವೆದುಹೋಗಿದೆ.

ಇದೇ ಪತ್ರಗಳಲ್ಲಿ ಇನ್ನೊಂದು ಪದ ಎಷ್ಟು ಜೀವಂತವಾಗಿದೆ ನೋಡಿ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ 4ನೇ ಅಧ್ಯಾಯದಲ್ಲಿ, ಜನ ಸ್ವಸ್ಥಬೋಧನೆಯನ್ನು ಸಹಿಸದ ಕಾಲ ಬರುತ್ತದೆ, ಅವರದು ‘ತೀಟೆಕಿವಿ’ ಆಗಿರುತ್ತದೆ ಎಂದು ಬರುತ್ತದೆ. ತೀಟೆಕಿವಿ! ಮಕ್ಕಳು ಈ ಪದ ಕೇಳಿದ ಕೂಡಲೇ ನಕ್ಕರು, ಅರ್ಥವೂ ಆಯಿತು. ಕಿವಿಗೆ ತುರಿಕೆ, ಯಾರಾದರೂ ಹಿತವಾಗಿ ಕೆರೆದರೆ ಸಾಕು. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ದುಡಿದು, 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಆಮೇಲೆ ಅದನ್ನು ಹಲವು ಸಲ ತಿದ್ದಿದ್ದಾರೆ. ಹೀಗೆ ಎಷ್ಟೋ ಕೈಗಳಿಂದ ಬಂದ ಭಾಷೆ ಅದು. ಒಂದೇ ವಾಕ್ಯದಲ್ಲಿ ‘ತೀಟೆ’ ಅಷ್ಟು ಹತ್ತಿರ, ‘ಸ್ವಸ್ಥ’ ಇಷ್ಟು ದೂರ.

ಈ ಪದದ ಮೇಲೆ ನನಗೆ ಇಷ್ಟು ಅಕ್ಕರೆ ಯಾಕೆ ಅಂತ ಹೇಳಬೇಕು. ಇದು ನಮ್ಮ ಮನೆಯಲ್ಲಿ ನಡೆದದ್ದು.

ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ. ಕೆಲವು ವರ್ಷದ ಹಿಂದೆ ಹೊರಗಿನಿಂದ ಬಂದ ಒಬ್ಬ ಬೋಧಕರು ಮನೆಗೆ ಪ್ರಾರ್ಥನೆಗೆ ಬಂದರು. ಪ್ರಾರ್ಥನೆ ಮುಗಿಸಿ, “ನಂಬಿಕೆ ಪೂರ್ತಿ ಇದ್ದರೆ ಮಾತ್ರೆ ಯಾಕಮ್ಮ?” ಅಂದು ಹೋದರು. ಅಮ್ಮ ನಮಗೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಎರಡನೇ ವಾರ ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದರು. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವರು ಮೊದಲು ಹೇಳಿದ್ದು, “ನನ್ನ ನಂಬಿಕೆ ಸಾಲಲಿಲ್ಲ” ಅಂತ. ಬಿದ್ದದ್ದಕ್ಕಿಂತ ಆ ಮಾತು ನನಗೆ ಜಾಸ್ತಿ ನೋವು ಕೊಟ್ಟಿತು. ಮೈಗೆ ಒಂದು ಕಾಯಿಲೆ ಇತ್ತು. ಬೋಧನೆ ಮನಸ್ಸಿಗೆ ಇನ್ನೊಂದನ್ನು ಹಚ್ಚಿ ಹೋಗಿತ್ತು.

ನಮ್ಮ ಸಭೆಯ ಅಯ್ಯನವರು (ಪಾದ್ರಿಗಳು) ನೋಡಲು ಬಂದರು. ವಾದ ಮಾಡಲಿಲ್ಲ. ಹಾಸಿಗೆ ಪಕ್ಕ ಕೂತು ಮೂರು ಕಡೆ ಓದಿದರು. ತಿಮೊಥೆಯನಿಗೆ ಪದೇ ಪದೇ ಕಾಯಿಲೆ ಬರುತ್ತಿತ್ತು. ಹೊಟ್ಟೆಗೆ ಒಳ್ಳೆಯದು, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲನೇ ಬರೆದ. ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಹೊರಡಬೇಕಾಯಿತು ಅಂತಲೂ ಅವನೇ ಬರೆದ. ಹುಟ್ಟು ಕುರುಡನನ್ನು ತೋರಿಸಿ, ಇವನು ಹೀಗಾಗಲು ಯಾರ ಪಾಪ ಕಾರಣ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದು ಯೇಸು ಹೇಳಿದ. ಓದಿ ಮುಗಿಸಿ, “ಅಮ್ಮಾ, ಮಾತ್ರೆಗೂ ಸ್ತೋತ್ರ ಹೇಳಿ ನುಂಗಿ” ಅಂದರು. ಅಮ್ಮ ಇವತ್ತಿಗೂ ಹಾಗೇ ಮಾಡುತ್ತಾರೆ. ಮಾತ್ರೆ ಕೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಾರೆ, ಆಮೇಲೆ ನೀರು ಕುಡಿಯುತ್ತಾರೆ.

ದೇವರು, ನಂಬಿಕೆ, ಕಾಯಿಲೆ ಇವುಗಳ ಬಗ್ಗೆ ಸಭೆ ಏನು ಕಲಿಸುತ್ತದೆ ಎನ್ನುವುದು ಅಮ್ಮನ ಮಾತ್ರೆ ಡಬ್ಬಿಯವರೆಗೂ ಬರುತ್ತದೆ ಎಂದು ಅವತ್ತು ತಿಳಿಯಿತು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದವರೂ ಬೋಧನೆ ಮಾಡುತ್ತಿದ್ದವರೇ. ನಮ್ಮಜ್ಜಿ ಎರಡು ಹೆರಿಗೆಗೆ ಅಲ್ಲಿಗೇ ಹೋಗಿದ್ದರು. ಬೋಧನೆಯೂ ಔಷಧಿಯೂ ಒಂದಕ್ಕೊಂದು ಎದುರು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ತೀತನಿಗೆ ಬರೆದ ಪತ್ರಕ್ಕೆ ಬರುತ್ತೇನೆ. ನನ್ನ ಪಾಠ ಇರುವುದೇ ಅಲ್ಲಿ. 2ನೇ ಅಧ್ಯಾಯದ ಮೊದಲ ವಾಕ್ಯದಲ್ಲಿ, ಸ್ವಸ್ಥಬೋಧನೆಗೆ ಒಪ್ಪುವಂಥದ್ದನ್ನು ಮಾತಾಡು ಎಂದು ಪೌಲ ಹೇಳುತ್ತಾನೆ. ಮುಂದೆ ದೊಡ್ಡ ದೊಡ್ಡ ವಿಚಾರ ಬರುತ್ತದೆ ಅಂತ ಕಾಯುತ್ತೇವೆ. ಬರುವುದು ಅಜ್ಜಂದಿರು! ಆಮೇಲೆ ಅಜ್ಜಿಯರು: ಚಾಡಿ ಹೇಳಬಾರದು, ಕುಡಿತಕ್ಕೆ ಬೀಳಬಾರದು. ಆಮೇಲೆ ಹೊಸದಾಗಿ ಸಂಸಾರ ಮಾಡುವ ಹೆಣ್ಣುಮಕ್ಕಳು, ಹುಡುಗರು, ಕೊನೆಗೆ ದಾಸರು. ಅಜ್ಜಂದಿರು ನಂಬಿಕೆ, ಪ್ರೀತಿ, ತಾಳ್ಮೆಯಲ್ಲಿ ‘ಸ್ವಸ್ಥ’ರಾಗಿರಬೇಕು ಅಂತ ಅದೇ ಕ್ರಿಯಾಪದವನ್ನು ಮನುಷ್ಯರಿಗೂ ಹಚ್ಚುತ್ತಾನೆ. ಬೋಧನೆ ಆರೋಗ್ಯವಾಗಿದ್ದರೆ ಅಜ್ಜನೂ ಆರೋಗ್ಯ. 10ನೇ ವಾಕ್ಯದಲ್ಲಂತೂ, ದಾಸರು ಕದಿಯದೆ ನಿಯತ್ತಾಗಿ ಇದ್ದರೆ ಅವರ ನಡತೆಯೇ ದೇವರ ಬೋಧನೆಗೆ ಒಡವೆ ಹಾಕಿದ ಹಾಗೆ ಅನ್ನುತ್ತಾನೆ. ಒಡವೆಯೇ ಇಲ್ಲದ ಜನರ ಬಗ್ಗೆ ಆ ಮಾತು! ಇಷ್ಟೆಲ್ಲ ಹೇಳಿ, 11ನೇ ವಾಕ್ಯವನ್ನು ‘ಯಾಕಂದರೆ’ ಎಂದು ಶುರು ಮಾಡುತ್ತಾನೆ. ಯಾಕಂದರೆ ದೇವರ ಕೃಪೆ ಎಲ್ಲರಿಗೂ ಕಾಣಿಸಿಕೊಂಡಿದೆ. ಆ ‘ಯಾಕಂದರೆ’ಯನ್ನು ಮಕ್ಕಳ ಕೈಯಲ್ಲಿ ಕೆಂಪು ಪೆನ್ನಿನಿಂದ ಗೆರೆ ಹಾಕಿಸುತ್ತೇನೆ. ಒಳ್ಳೆಯವರಾದರೆ ಕೃಪೆ ಸಿಗುತ್ತದೆ ಅಂತ ಅಲ್ಲ. ಕೃಪೆ ಮೊದಲೇ ಬಂದಿದೆ, ಅದಕ್ಕೇ ಹೀಗೆ ಬದುಕು.

ಇದು ತಲೆಕೆಳಗಾದರೆ ಸಭೆಯ ಎಲ್ಲ ಕೆಲಸವೂ ತಲೆಕೆಳಗು. ಸುಗ್ಗಿ ಹಬ್ಬಕ್ಕೆ ನಮ್ಮವರು ಕಬ್ಬಿನ ಜಲ್ಲೆ, ತೆಂಗಿನಕಾಯಿ, ಕೋಳಿ, ಭತ್ತ ತಂದು ಆರಾಧನೆಯಾದ ಮೇಲೆ ಹರಾಜು ಹಾಕುತ್ತಾರೆ. ಅದನ್ನು ‘ಕಾಣಿಕೆ’ ಅನ್ನುತ್ತೇವೆ. ಕೃಪೆಯ ಅರ್ಥ ಮರೆತ ದಿನ ಅದೇ ಕಬ್ಬು ‘ಹರಕೆ’ ಆಗಿಬಿಡುತ್ತದೆ: ಇಷ್ಟು ಕೊಟ್ಟೆ, ಇಷ್ಟು ಕೊಡು. ಕಬ್ಬು ಅದೇ, ತಂದ ಕೈ ಅದೇ.

ಇನ್ನೊಂದು ಉದಾಹರಣೆಗೆ ಕನ್ನಡದಲ್ಲೇ ತುಂಬ ಒಳ್ಳೆಯ ಪದ ಸಿಕ್ಕಿತು. ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 11ನೇ ಅಧ್ಯಾಯದಲ್ಲಿ, ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಸೇರಿದವರಲ್ಲಿ ಕೆಲವರು ಮೊದಲೇ ಹೊಟ್ಟೆತುಂಬ ತಿಂದು ಕುಡಿಯುತ್ತಾರೆ, ಬಡವರು ಹಸಿದಿರುತ್ತಾರೆ. ಇದಕ್ಕೆ ನಾನು ‘ಪಂಕ್ತಿಭೇದ’ ಎಂದು ಬರೆದೆ. ವಿವರಣೆ ಬೇಕಾಗಲೇ ಇಲ್ಲ. ಒಂದು ಹುಡುಗಿ ತಮ್ಮ ತಾತನಿಗೆ ಊರಿನಲ್ಲಿ ಬೇರೆ ಲೋಟ ಇಡುತ್ತಿದ್ದ ಕಥೆ ಹೇಳಿದಳು. ತರಗತಿ ಸ್ವಲ್ಪ ಹೊತ್ತು ಮೌನವಾಯಿತು. ಕ್ರಿಸ್ತನಲ್ಲಿ ಎಲ್ಲರೂ ಒಂದೇ ದೇಹ ಅನ್ನುವುದು ಅವಳಿಗೆ ಬಾಯಿಪಾಠದ ವಾಕ್ಯ ಅಲ್ಲ. ಒಂದೇ ಪಾತ್ರೆಯಿಂದ ಅಕ್ಕಪಕ್ಕ ಮೊಣಕಾಲೂರಿ ತೆಗೆದುಕೊಳ್ಳುವುದು ಏನು ಎಂದು ಅವಳಿಗೆ ಗೊತ್ತು.

‘ಸ್ವಸ್ಥಬೋಧನೆ’ಗೂ ಇಂಥದ್ದೇ ಒಂದು ಪದ ಬೇಕು. ಹತ್ತಿರದ ಮಾತು ಒಂದು ಸಿಕ್ಕಿದೆ. ನಮ್ಮ ಸಭೆಯಲ್ಲಿ ಒಬ್ಬರು ವಯಸ್ಸಾದ ತಾಯಿ ಇದ್ದಾರೆ, ಮಳವಳ್ಳಿ ಕಡೆಯವರು, ಓದು ಬರುವುದಿಲ್ಲ. ಅಯ್ಯನವರ ಪ್ರಸಂಗ (ಆರಾಧನೆಯ ಬೋಧನೆ) ಚೆನ್ನಾಗಿದ್ದ ದಿನ ಹೊರಗೆ ಬರುವಾಗ, “ಇವತ್ತಿನ ಮಾತು ಮೈಗೆ ಹತ್ತಿತು” ಅನ್ನುತ್ತಾರೆ. ತಿಂದದ್ದು ಮೈಗೆ ಹತ್ತಿತು ಅನ್ನುತ್ತೇವಲ್ಲ, ಹಾಗೆ. ಬರೀ ಬಾಯಿಗೆ ರುಚಿಯಾದದ್ದಲ್ಲ. ಉಂಡು, ಅರಗಿ, ರಕ್ತವಾಗಿ, ಕೈಕಾಲಿಗೆ ಬಲ ಬಂದದ್ದು. ಪೌಲನ ಪದಕ್ಕೆ ಇಷ್ಟು ಹತ್ತಿರದ ಕನ್ನಡ ನನಗೆ ಬೇರೆ ಕಂಡಿಲ್ಲ. ‘ಮೈಗೆ ಹತ್ತುವ ಬೋಧನೆ’.

ಆದರೂ ಒಂದು ಅನುಮಾನ ಇದೆ. ‘ಮೈಗೆ ಹತ್ತುವ’ ಅಂದರೆ ಬೋಧನೆ ಏನು ಮಾಡುತ್ತದೆ ಎನ್ನುವುದು ಬಂತು. ಬೋಧನೆ ತಾನೇ ಕೆಡದೆ ಚೆನ್ನಾಗಿದೆ ಎನ್ನುವುದು ಬರಲಿಲ್ಲ. ಗ್ರೀಕಿನ ಪದದಲ್ಲಿ ಮೊದಲು ಇರುವುದು ಅದೇ. ಕೆಟ್ಟ ಬೋಧನೆಯೂ ಕೆಲವರ ಮೈಗೆ ಹತ್ತಿಬಿಡುತ್ತದೆ, ನಮ್ಮ ಅಮ್ಮನಿಗೆ ಆದ ಹಾಗೆ. ‘ಪಥ್ಯ’ವನ್ನೂ ಯೋಚಿಸಿದೆ. ‘ಅವರ ಮಾತು ಇವರಿಗೆ ಪಥ್ಯವಾಗಲಿಲ್ಲ’ ಅಂತ ಬಳಕೆ ಇದೆ, ತೀಟೆಕಿವಿಯ ವಾಕ್ಯಕ್ಕೆ ಚೆನ್ನಾಗಿ ಕೂರುತ್ತದೆ. ಆದರೆ ಮಕ್ಕಳಿಗೆ ಪಥ್ಯ ಅಂದರೆ ಉಪ್ಪು ಖಾರ ಇಲ್ಲದ ಗಂಜಿ. ಅದು ಬೇಡ.

ಸದ್ಯಕ್ಕೆ ಓದುವ ವಾಕ್ಯದಲ್ಲಿ ‘ಸ್ವಸ್ಥಬೋಧನೆ’ಯನ್ನು ಹಾಗೇ ಬಿಟ್ಟಿದ್ದೇನೆ. ಬೈಬಲಿನಲ್ಲಿ ಇರುವ ಪದ ಮಕ್ಕಳಿಗೆ ಪರಿಚಯ ಆಗಬೇಕು. ವಿವರಣೆಯಲ್ಲಿ, ‘ತಾನೂ ಕೆಡದ, ನಮ್ಮನ್ನೂ ಗಟ್ಟಿ ಮಾಡುವ ಬೋಧನೆ’ ಎಂದು ಬರೆದಿದ್ದೇನೆ. ಅರ್ಥ ಸರಿ, ಆದರೆ ಉದ್ದ. ಹುಡುಗರು ನೆನಪಿಟ್ಟುಕೊಳ್ಳುವ ಒಂದೇ ಪದ ಬೇಕು.

ಮೊದಲು ಕಥೋಲಿಕ ಗೆಳೆಯರನ್ನು ಕೇಳುತ್ತೇನೆ. ನೀವು ‘ವರಪ್ರಸಾದ’ ಅನ್ನುವುದನ್ನು ನಾವು ಪ್ರೊಟೆಸ್ಟೆಂಟರು ‘ಕೃಪೆ’ ಅನ್ನುತ್ತೇವೆ. ನಿಮ್ಮ ‘ಪ್ರೇಷಿತರು’ ನಮಗೆ ‘ಅಪೊಸ್ತಲರು’. 17ನೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಲಿಯೊನಾರ್ಡೊ ಚಿನ್ನಮಿ ಅವರ ಕಾಲದಿಂದ ನಿಮ್ಮಲ್ಲಿ ಕನ್ನಡದ ಧರ್ಮೋಪದೇಶ ನಡೆದು ಬಂದಿದೆ. ಪಾಲಹಳ್ಳಿ, ಗಂಜಾಂ ಕಡೆಯ ಹಿರಿಯರು ಇದಕ್ಕೆ ಯಾವ ಪದ ಬಳಸುತ್ತಾರೆ? ನಮ್ಮ ಕಡೆಯ ಹಳಬರಲ್ಲಿ, ‘ಸ್ವಸ್ಥ’ವನ್ನು ಮಾತಿನಲ್ಲಿ ಬಳಸುವವರನ್ನು ಯಾರಾದರೂ ಕೇಳಿದ್ದೀರಾ? ಉತ್ತರ ಕರ್ನಾಟಕದಲ್ಲಿ ‘ಸ್ವಸ್ಥ ಕೂಡು’ ಅಂದರೆ ಸುಮ್ಮನೆ, ನೆಮ್ಮದಿಯಾಗಿ ಕೂಡು ಎಂದಂತೆ. ಆ ನೆಮ್ಮದಿಯ ಅರ್ಥ ಇಲ್ಲಿಗೆ ಎಳೆದು ತರಬಹುದೇ?

ರೈತರ ಮನೆಯವರು ಇದ್ದರೆ ಅವರಿಗೂ ಒಂದು ಪ್ರಶ್ನೆ. ಹುಳ ಹಿಡಿಯದ, ಹಾಕಿದರೆ ಮೊಳೆಯುವ ಬೀಜಕ್ಕೆ ಮದ್ದೂರು, ಪಾಂಡವಪುರದ ಕಡೆ ಒಂದೇ ಮಾತಿನಲ್ಲಿ ಏನೆನ್ನುತ್ತಾರೆ? ನಮ್ಮ ಮನೆಯಲ್ಲಿ ‘ಗಟ್ಟಿ ಕಾಳು’ ಅನ್ನುತ್ತಿದ್ದರು. ಅದಕ್ಕಿಂತ ಒಳ್ಳೆಯ ಪದ ಇದ್ದರೆ ತಿಳಿಸಿ. ಕೈಪಿಡಿ ಅಚ್ಚಿಗೆ ಹೋಗುವುದು ಸುಗ್ಗಿ ಹಬ್ಬ ಕಳೆದ ಮೇಲೆ. ಅಲ್ಲಿಯವರೆಗೆ ಆ ಜಾಗವನ್ನು ಪೆನ್ಸಿಲಿನಲ್ಲೇ ಬರೆದಿಟ್ಟಿರುತ್ತೇನೆ.