ಅಪ್‌ಡೇಟ್: ಬಾವಿಯ 5 ಎಚ್‌ಪಿ ಮೋಟರ್, ಈಗ ನೀರು ಜಾಸ್ತಿ

ಮದ್ದೂರು ಹತ್ತಿರದ ನಮ್ಮ ಕಬ್ಬಿನ ಗದ್ದೆಯ ಮೋಟರ್ ಬಗ್ಗೆ ಕೇಳಿದ್ದೆ. ನೀರು ಕಡಿಮೆ, ಮೇಲಿಂದ ಮೇಲೆ ಕಾಯಿಲ್ ಸುಡುತ್ತಿತ್ತು. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಎತ್ತಿಸಿದೆವು. ಜಾಲರಿ ತುಂಬ ಪಾಚಿ, ಕೊಳೆತ ಎಲೆ. ಒಳಗಿನ ವಾಷರ್ ಒಂದು ಕಡೆ ಹರಿದು ಜೋತಾಡುತ್ತಿತ್ತು. ಹೊಸದು ಹಾಕಿಸಿ, ತುಕ್ಕು ಹಿಡಿದ 2 ಇಂಚಿನ ಜಿಐ ಪೈಪ್ ತೆಗೆಸಿ 3 ಇಂಚಿನ ಪಿವಿಸಿ ಜೋಡಿಸಿದೆವು. ಹರಿಯುವ ನೀರು ಅಷ್ಟೇ ಇದ್ದರೆ, ಅಳತೆ ದೊಡ್ಡದಾದದ್ದಕ್ಕೇ ಪೈಪಿನೊಳಗಿನ ಘರ್ಷಣೆ ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಮೋಟರ್ ಎಳೆಯುವ ಕರೆಂಟು, ಅಂದರೆ ಆಂಪಿಯರ್ ಇಳಿಯಲಿಲ್ಲ, ಚೂರು ಏರಿತು! ತಡೆ ಕಡಿಮೆಯಾದಾಗ ಪಂಪ್ ಜಾಸ್ತಿ ನೀರು ಎತ್ತುತ್ತದೆ, ಅದಕ್ಕೇ. ಉಳಿತಾಯ ಇರುವುದು ಮೋಟರ್ ಓಡಬೇಕಾದ ಹೊತ್ತು ಕಡಿಮೆಯಾಗುವುದರಲ್ಲಿ. ತ್ರೀ ಫೇಸ್ ಕರೆಂಟ್ ಹೋಗುವುದರೊಳಗೆ ಈಗ ಕೊನೇ ಸಾಲಿಗೂ ನೀರು ಮುಟ್ಟುತ್ತಿದೆ.

ಆಮೇಲೆ ಕೆಪಾಸಿಟರ್ ಹಾಕಿಸಿದೆ. ಲೈನಿನ ಆಂಪಿಯರ್ ಇಳಿಯಿತು, ವೋಲ್ಟೇಜ್ ಸ್ವಲ್ಪ ಸುಧಾರಿಸಿತು. ಅಕ್ಕಪಕ್ಕದವರೂ ಹಾಕಿಸಿದರೆ ಟಿಸಿಗೂ (ಟ್ರಾನ್ಸ್‌ಫಾರ್ಮರ್) ಭಾರ ತಗ್ಗುತ್ತದೆ ಅಲ್ವಾ?

"10 ಎಚ್‌ಪಿವರೆಗೆ ಕರೆಂಟ್ ಫ್ರೀ, ಸುಮ್ನೆ ನಿನಗ್ಯಾಕೆ ಈ ಉಸಾಬರಿ?" ಅಂತಾರೆ ನಮ್ಮ ಚಿಕ್ಕಪ್ಪ. ಕಾಯಿಲ್ ಕಟ್ಟುವವರು ಫ್ರೀಯಾಗಿ ಕಟ್ಟಿಕೊಡಲ್ಲವಲ್ಲ! ಮೋಟರ್ ಬದಲಿಸುವ ಕಾಲ ಬಂದಾಗ 5 ಸ್ಟಾರಿನದೇ ತರುತ್ತೇನೆ. ಸದ್ಯಕ್ಕೆ ಇದೇ ಓಡಲಿ.