ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್‌ಗೆ ಗಿಡಮೂಲಿಕೆ: ಕೊಟ್ಟವರು ಯಾರಾದರೂ ಇದ್ದೀರಾ?

ಬೇಲೂರಿನ ಮಗ: ಅಪ್ಪನಿಗೆ 64. ಲಿವರ್‌ಗೂ ಹರಡಿದೆ. ಸೋಮವಾರ ಕೀಮೋ ಶುರು. ಜೊತೆಗೆ ಅರಿಶಿನದಿಂದ ತೆಗೆದ ಕರ್ಕ್ಯುಮಿನ್ ಮಾತ್ರೆ, ಲಕ್ಷ್ಮಣಫಲದ ಎಲೆ ಕಷಾಯ ಕೊಡಬಹುದಾ?

ಸಕಲೇಶಪುರದವಳು: ಅಮ್ಮನಿಗೆ ಎರಡೂ ಕೊಟ್ಟೆ. ಮಾತ್ರೆ ಡಬ್ಬಿಗೆ 1,850 ರೂಪಾಯಿ, ಐದು ಡಬ್ಬಿ ಮುಗಿಸಿದೆವು. ಎಲೆ ಕೆಜಿಗೆ 900, ಕೊರಿಯರ್ ಬೇರೆ. ಬಂದಾಗ ಅರ್ಧ ಬೂಸ್ಟು ಹಿಡಿದಿತ್ತು. ಕಷಾಯ ಕುಡಿದ ಅರ್ಧ ಗಂಟೆಗೆ ವಾಂತಿ. ಅನ್ನವೇ ಸೇರದವರಿಗೆ ಆ ಕಹಿ ಕುಡಿಸಿದೆನಲ್ಲ ಅಂತ ಈಗಲೂ ಸಂಕಟ. ಆಮೇಲೆ ಓದಿದೆ: ಅಮೆರಿಕದಲ್ಲಿ ಇದೇ ಕಾಯಿಲೆಯವರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದ್ದರು. 2008ರ ವರದಿ. ರಕ್ತಕ್ಕೆ ಸೇರಿದ್ದು ಚೂರುಪಾರು.

ಮೂಡಿಗೆರೆ ತೋಟದವ: ಅದಕ್ಕೇ ಕಾಳುಮೆಣಸು ಸೇರಿಸಬೇಕು. ಅದರಲ್ಲಿರೋ ಪೈಪರಿನ್ ಸೇರಿದರೆ ಮೈಗೆ ಹಿಡಿಯುತ್ತೆ. ನಮ್ಮಣ್ಣ 14 ತಿಂಗಳು ಇದ್ದ.

ಸಕಲೇಶಪುರದವಳು: ಕೀಮೋನೂ ನಡೀತಿತ್ತು ಅಲ್ವಾ? ಹೆಸರು ಮಾತ್ರ ಮೆಣಸಿಗಾ? ಪೈಪರಿನ್ ಬೇರೆ ಔಷಧಿಗಳ ಪ್ರಮಾಣವನ್ನೂ ಏರುಪೇರು ಮಾಡುತ್ತೆ ಸ್ವಾಮಿ.

ಅರಸೀಕೆರೆ ಅಳಿಯ: ಕೀಮೋದಲ್ಲೇ ಗಿಡದ್ದು ಇದೆ. ಮಾವನಿಗೆ ಜೆಮ್‌ಸಿಟಾಬಿನ್ ಜೊತೆ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್. ಪ್ಯಾಕ್ಲಿಟ್ಯಾಕ್ಸೆಲ್ ಮೂಲದಲ್ಲಿ ಯೂ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಮೂರು ವಾರ ಹಾಕಿ, ಒಂದು ವಾರ ಬಿಡುವು. ಸಲಕ್ಕೆ ಎರಡು ವಯಲ್, 9,600. ಬೆಂಗಳೂರಿಗೆ ಟ್ಯಾಕ್ಸಿ 6,500. ಬಿಳಿ ರಕ್ತಕಣ ಇಳಿದಿದೆ ಅಂತ ಎರಡು ಸಲ ಸುಮ್ನೆ ವಾಪಸ್ ಕಳಿಸಿದರು. 13,000 ನೀರುಪಾಲು! ಪಾದ ಎಷ್ಟು ಜೋಮು ಹಿಡಿದಿತ್ತೆಂದರೆ, ಚಪ್ಪಲಿ ಕಳಚಿದ್ದೂ ಗೊತ್ತಾಗುತ್ತಿರಲಿಲ್ಲ.

ಕೊಪ್ಪದವ: ಚಿಕ್ಕಪ್ಪನಿಗೆ ಫಾಲ್ಫಿರಿನಾಕ್ಸ್, ಹಲವು ಔಷಧಿ ಸೇರಿದ ಕೀಮೋ. ಅದರಲ್ಲಿರುವ ಇರಿನೋಟಿಕಾನ್ ಕ್ಯಾಂಪ್ಟೋಥೆಸಿನ್ ಅನ್ನೋ ಮರದ ರಾಸಾಯನಿಕದಿಂದ ಬಂದದ್ದು. ನಮ್ಮ ಘಟ್ಟದ ದುರ್ವಾಸನೆ ಮರದಲ್ಲೂ ಅದು ಇದೆ. ಹಾಗಂತ ತೊಗಟೆ ಕುದಿಸಬೇಡಿ. ಶುರುವಿನಲ್ಲಿ ಕ್ಯಾಂಪ್ಟೋಥೆಸಿನ್ನನ್ನೇ ಕೊಟ್ಟು ನೋಡಿದಾಗ ಕೆಲವರಿಗೆ ಮೂತ್ರದಲ್ಲಿ ರಕ್ತ ಬಂದಿತ್ತು. ಚಿಕ್ಕಪ್ಪನಿಗೆ ಒಂದೇ ರಾತ್ರಿ 11 ಸಲ ಭೇದಿ. ಆ ಮರಗಳನ್ನೂ ಕಡಿದು ಸಾಗಿಸಿದರು ಬಿಡಿ.

ಮೂಡಿಗೆರೆ ತೋಟದವ: ಕಡಿದವರು ತೋಟದವರು ಅಂತಾನಾ?

ಕೊಪ್ಪದವ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡರಂತೆ.

ಮೂಡಿಗೆರೆ ತೋಟದವ: ನಾಲಿಗೆ ಬಿಗಿ ಇರಲಿ. ನಿಮ್ಮ ಕಡೆ ಒತ್ತುವರಿ ಎಷ್ಟಿದೆ ಗೊತ್ತು.

ಬೇಲೂರಿನ ಮಗ: ಸೋಮವಾರದ್ದು ಹೇಳಿ ಪ್ಲೀಸ್.

ಸಕಲೇಶಪುರದವಳು: ಕಷಾಯ ಬಿಡಿ. ಮಾತ್ರೆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಮಲ ಎಣ್ಣೆಯ ಹಾಗೆ ತೇಲುತ್ತಿದ್ದರೆ ಜೀರ್ಣಕ್ಕೆ ಎಂಜೈಮ್ ಕ್ಯಾಪ್ಸೂಲ್ ಕೇಳಿ. ಊಟದ ಜೊತೆಗೇ ನುಂಗಬೇಕು. ನಮಗೆ ಮೂರು ತಿಂಗಳು ಯಾರೂ ಹೇಳಲಿಲ್ಲ. ಅದು ಗಿಡದ್ದಲ್ಲ, ಹಂದಿಯದು. ಅಮ್ಮ ಮೊಟ್ಟೆಯನ್ನೂ ಮುಟ್ಟದವರು. ಹೇಳದೇ ಕೊಟ್ಟೆ.

ಮೂಡಿಗೆರೆ ತೋಟದವ: ಹೇಳದೇ ಕೊಟ್ಟಿರಾ? ತಪ್ಪಲ್ವಾ?

ಸಕಲೇಶಪುರದವಳು: ಎರಡು ತುತ್ತು ಜಾಸ್ತಿ ಉಂಡರು.