ಎಂಟನೇ ಕ್ಲಾಸಿಗೆ ಸಿಸ್ಟರ್‌ಗಳ ಶಾಲೆ: ಅನುಭವ ಇದ್ದವರು ಹೇಳಿ

ಬೆಳ್ತಂಗಡಿ ಕಡೆಯ ಹಳ್ಳಿ ನಮ್ಮದು. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ್ದಾಳೆ, ಕನ್ನಡ ಮಾಧ್ಯಮ. ಮಂಗಳೂರಿನಲ್ಲಿ ಸಿಸ್ಟರ್‌ಗಳು ನಡೆಸುವ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೆ ಹಾಕಿ ಹಾಸ್ಟೆಲಿನಲ್ಲಿ ಬಿಡೋಣ ಅಂತಾರೆ ಅವಳಪ್ಪ. ಅತ್ತೆಗೆ ಅಲ್ಲಿನ ಪ್ರಾರ್ಥನೆಯ ಚಿಂತೆ, ನನಗೆ ಇಂಗ್ಲಿಷಿನ ಚಿಂತೆ. ಮುಂದೆ ಸೈನ್ಸ್ ಓದಿಸುವ ಆಸೆ. ಸಿಇಟಿ, ನೀಟ್‌ಗೆ ಎಂಟನೆಯಿಂದಲೇ ಕೋಚಿಂಗ್ ಬೇಕಾ?

ಹಳೇ ವಿದ್ಯಾರ್ಥಿನಿ, ಈಗ ಬೆಂಗಳೂರು

ಇಂಥದೇ ಶಾಲೆಯಲ್ಲಿ ಮೂರು ವರ್ಷ ಹಾಸ್ಟೆಲಿನಲ್ಲಿದ್ದು ಓದಿದವಳು ನಾನು. ಪ್ರಾರ್ಥನೆ ಉಂಟು ಅಕ್ಕ, ಇಲ್ಲ ಅಂತ ಹೇಳುವುದಿಲ್ಲ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಒಂದು, ಮಧ್ಯಾಹ್ನ 12ಕ್ಕೆ ಗಂಟೆ ಹೊಡೆದಾಗ ಇನ್ನೊಂದು. ಎದ್ದು ನಿಂತರೆ ಆಯ್ತು, ನಮ್ಮ ಬಾಯಿ ಆಡುತ್ತಿದೆಯಾ ಅಂತ ಯಾರೂ ನೋಡುತ್ತಿರಲಿಲ್ಲ. ಕ್ಯಾಟಕಿಸಂ, ಅಂದರೆ ಕ್ರೈಸ್ತ ಧರ್ಮಪಾಠದ ಪಿರಿಯಡ್ ಕ್ರೈಸ್ತ ಮಕ್ಕಳಿಗೆ ಮಾತ್ರ, ಆ ಹೊತ್ತಿಗೆ ನಮಗೆ ಮಾರಲ್ ಸೈನ್ಸ್. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ) ರಜೆ. ದಸರಾ ರಜೆ ಮಾತ್ರ ಚಿಕ್ಕದು, ಕಡಿತ ಮಾಡಿದ್ದನ್ನು ಕ್ರಿಸ್‌ಮಸ್‌ಗೆ ಕೊಡುತ್ತಿದ್ದರು. ಮನೆಯಲ್ಲಿ ನವರಾತ್ರಿ ಪೂಜೆ ಇರುವವರಿಗೆ ಅದೊಂದು ಬೇಜಾರು.

ಡಿಸೆಂಬರಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ ಮಾಡುವ ಸ್ಪರ್ಧೆ ಇರುತ್ತಿತ್ತು. ಪೇಟೆ ಮಕ್ಕಳಿಗೆ ಬೈಹುಲ್ಲು ಎಲ್ಲಿಂದ ಸಿಗಬೇಕು? ನನ್ನಪ್ಪ ಬಸ್ಸಿನಲ್ಲಿ ಒಂದು ಕಟ್ಟು ತಂದುಕೊಟ್ಟರು. ಅಲ್ಲಿತನಕ ನನ್ನ ಇಂಗ್ಲಿಷಿಗೆ ನಗುತ್ತಿದ್ದವರೆಲ್ಲ ಹಟ್ಟಿ ಹೇಗಿರುತ್ತದೆ, ದನ ಹೇಗೆ ಮಲಗುತ್ತದೆ ಅಂತ ನನ್ನನ್ನೇ ಕೇಳತೊಡಗಿದರು. ದನ ಬಾಲಯೇಸುವಿಗೆ ಬೆನ್ನು ಹಾಕಿದೆಯಲ್ಲಾ ಅಂತ ಟೀಚರ್ ಗದರಿದರು. ನಮ್ಮ ಹಟ್ಟಿಯಲ್ಲಿ ಹಾಗೇ ಮಲಗುವುದು ಅಂದೆ. ಅವರಿಗೂ ನಗು ಬಂತು.

ಕೋಪ ಬಂದದ್ದು ಒಂದೇ ಸಲ. ಚಿಕ್ಕಮ್ಮನ ಮದುವೆಯ ಮೆಹೆಂದಿ ಕೈಯಲ್ಲಿತ್ತು ಅಂತ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಅಪ್ಪನ ಸಹಿ ಆಗುವ ತನಕ ಕ್ಲಾಸಿನ ಹೊರಗೆ ನಿಲ್ಲಿಸಿದ್ದರು. ಬಣ್ಣ ಹೋಗಲಿಕ್ಕೆ ವಾರ ಬೇಕು ಅಂತ ಅವರಿಗೆ ಗೊತ್ತಿಲ್ವಾ? ಸೇರಿಸುವ ಮೊದಲು ಡೈರಿಯ ನಿಯಮಗಳ ಪುಟ ಕೇಳಿ ಓದಿ.

ಇಂಗ್ಲಿಷ್ ಮೊದಲ ಆರು ತಿಂಗಳು ಕಷ್ಟ. ನನಗೆ ದ್ಯುತಿಸಂಶ್ಲೇಷಣೆ ಚೆನ್ನಾಗಿ ಗೊತ್ತಿತ್ತು, ಫೋಟೋಸಿಂಥೆಸಿಸ್ ಅಂದರೆ ಅದೇ ಅಂತ ಹೊಳೆಯಲು ವಾರ ಹಿಡಿಯಿತು. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಎರಡೂ ಭಾಷೆಯ ಪದಗಳನ್ನು ಅಕ್ಕಪಕ್ಕ ಬರೆದಿಡುತ್ತಿದ್ದೆ. ಪ್ರಥಮ ಭಾಷೆ ಕನ್ನಡವೇ ಇರಲಿ. ಎಸ್ಸೆಸ್ಸೆಲ್ಸಿಯ 625ರಲ್ಲಿ 125 ಅದಕ್ಕೇ, ಉಳಿದ ಐದಕ್ಕೆ ನೂರು ನೂರು.

ಪುತ್ತೂರಿನಿಂದ ಒಬ್ಬ ಅಪ್ಪ

ಪ್ರಾರ್ಥನೆ ವಿಷಯ ಎಲ್ಲರೂ ಕೇಳ್ತಾರೆ, ಸರ್ಟಿಫಿಕೇಟ್ ವಿಷಯ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ.

ಸಿಇಟಿ ಸೀಟು ಹಂಚಿಕೆಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ 5, ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ 15 ಮೀಸಲು ಉಂಟು. ಆದರೆ 1ರಿಂದ 10ರ ತನಕ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ನಿಮ್ಮ ಮಗಳದ್ದು ಏಳು ವರ್ಷ ಆಗಿದೆ. ಎಂಟಕ್ಕೆ ಮಂಗಳೂರಿನ ಇಂಗ್ಲಿಷ್ ಮೀಡಿಯಂ ಅಂದರೆ ಎರಡೂ ಹೋಯ್ತು. ನನ್ನ ಮಗನದ್ದು ಹಾಗೇ ಆದದ್ದು. ಅರ್ಜಿ ತುಂಬಲು ಸೈಬರಿನಲ್ಲಿ ಕೂತಾಗ ಹುಡುಗ ಕೇಳಿದ, "ಅಂಕಲ್, ರೂರಲ್ ಎಸ್ಸಾ ನೋವಾ?" ಎಂಟನೆಯಿಂದ ಪೇಟೆ ಅಂದೆ. "ಹಾಗಾದ್ರೆ ನೋ" ಅಂತ ಕ್ಲಿಕ್ ಮಾಡಿದ. ಮೂರು ವರ್ಷದ ಫೀಸು ಕಟ್ಟಿದ್ದು ಇದಕ್ಕಾ ಅನಿಸಿತು.

ಸಿಸ್ಟರ್‌ಗಳ ಶಿಸ್ತೇ ಬೇಕಾದರೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲೂ ಚರ್ಚ್ ಪಕ್ಕದ ಕನ್ನಡ ಮಾಧ್ಯಮದ ಅನುದಾನಿತ ಹೈಸ್ಕೂಲುಗಳಿವೆ. ಮೊದಲು ಅಲ್ಲಿ ವಿಚಾರಿಸಿ. ಮಂಗಳೂರು ಪಿಯುಸಿಗೆ ಇದ್ದೇ ಇದೆ. ಈ ಮೀಸಲಿಗೆ ಕೊಡುವ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು, ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು

ಮೇಲಿನವರ ಮಾತಿಗೆ ನನ್ನ ಓಟು. ಕನ್ನಡ ಮಾಧ್ಯಮದಿಂದ ಬಂದವರು ಪ್ರಥಮ ಪಿಯುಸಿಯ ಮೊದಲ ಮೂರ್ನಾಲ್ಕು ತಿಂಗಳು ಒದ್ದಾಡುತ್ತಾರೆ, ಸುಳ್ಳಲ್ಲ. ಡಿಸೆಂಬರಿನ ಹೊತ್ತಿಗೆ ಯಾರು ಎಲ್ಲಿಂದ ಬಂದವರು ಅಂತ ನನಗೇ ಮರೆತಿರುತ್ತದೆ.

ಎಂಟನೆಯಿಂದ ಕೋಚಿಂಗ್ ಸುಮ್ನೆ ದುಡ್ಡು ದಂಡ. ಸಿಇಟಿ ಅಂದರೆ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿದರೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ತೂಕ ಪಿಯುಸಿ ಅಂಕದ್ದೇ. ಮೆಡಿಕಲ್‌ಗೆ ನೀಟ್ ಒಂದೇ ಲೆಕ್ಕ: 180 ಪ್ರಶ್ನೆ, 720 ಅಂಕ, ತಪ್ಪಿದರೆ ಒಂದು ಕಡಿತ. ಎರಡಕ್ಕೂ ಪಿಯುಸಿಯ ಎರಡು ವರ್ಷದ ಪಾಠವೇ ಆಧಾರ.

ಮಕ್ಕಳು ಎಡವುವುದು ಬೇರೆ ಕಡೆ. ಎಸ್ಸೆಸ್ಸೆಲ್ಸಿಯಲ್ಲಿ 600 ದಾಟಿದವರಿಗೂ ವೇಗದ ಸೂತ್ರ ಕೊಟ್ಟು ಇದರಿಂದ ಕಾಲ ತೆಗಿ ಅಂದರೆ ಪೆನ್ನು ನಿಂತುಬಿಡುತ್ತದೆ. ಬೀಜಗಣಿತ ಬಾಯಿಪಾಠ ಆಗಿರುತ್ತದೆ, ಕೈಗೆ ಬಂದಿರುವುದಿಲ್ಲ. ಹೈಸ್ಕೂಲಿನ ಗಣಿತ ಪುಸ್ತಕದ ಲೆಕ್ಕಗಳನ್ನು ಉತ್ತರ ನೋಡದೆ ಮಾಡಿಸಿ, ಬಿಟ್ಟದ್ದನ್ನು ರಜೆಯಲ್ಲಿ ಇನ್ನೊಮ್ಮೆ. ಈಗ ಅಷ್ಟು ಸಾಕು.

ಕೇಳಿದವಳು

ಹತ್ತು ವರ್ಷದ ಲೆಕ್ಕ ನಮಗೆ ಗೊತ್ತೇ ಇರಲಿಲ್ಲ. ಇವರು ಅಡ್ಮಿಷನ್ ಫಾರಂ ತಂದು ಮೇಜಿನ ಮೇಲೆ ಇಟ್ಟಾಗಿತ್ತು. ಸೋಮವಾರ ಇಲ್ಲೇ ಹತ್ತಿರದ ಹೈಸ್ಕೂಲಿಗೆ ಹೋಗಿ ಹೆಡ್‌ಮಿಸ್ ಸಿಸ್ಟರ್ ಹತ್ತಿರ ಮಾತಾಡಿ ಬರ್ತೇವೆ. ಅತ್ತೆಗೆ ಗೋದಲಿಯ ಕಥೆ ಓದಿ ಹೇಳಿದೆ. "ಬೈಹುಲ್ಲು ಬೇಕಾದಷ್ಟು ಕೊಡುವ" ಅಂದರು.